ಕಣ್ಣಿನ ನೋವನ್ನು ಗೆದ್ದ ಕಾರ್ಲ್ ಕೊಲ್ಲರ್

ಇಂದ್ರಿಯಗಳಲ್ಲೆಲ್ಲ ಕಣ್ಣೇ ಮೇಲೆಂದು ನಮ್ಮ ಹಿರಿಯರು ಬಗೆದಿದ್ದರು. ಅದು ಮೇಲಾದುದು ಮಾತ್ರವಲ್ಲ, ಬಲು ನಾಜೂಕಾದುದೂ ಹೌದು. ಒಂದು ಧೂಳಿನ ಕಣ ಬಿದ್ದರೆ ಸಾಕು, ಎಂತಹ ಗಟ್ಟಿಗನಾದರೂ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಕಣ್ಣುಜ್ಜುತ್ತ ನಿಂತುಬಿಡುತ್ತಾನೆ. ಇಂತಹ ಕಣ್ಣಿಗೆ, ಮನುಷ್ಯನು ಎಚ್ಚರವಾಗಿದ್ದು ಮಾತನಾಡುತ್ತಿರುವಾಗಲೇ, ಶಸ್ತ್ರವನ್ನು ತಾಗಿಸಿ ಪೊರೆಯನ್ನು ತೆಗೆಯುತ್ತಾರೆ. ರೋಗಿಗೆ ನೋವು ತಿಳಿಯುವುದಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೋದ ಅಜ್ಜಿ ಸಂಜೆಯ ಹೊತ್ತಿಗೆ ಮನೆಗೆ ಬಂದು ಕಾಫಿ ಕುಡಿಯುತ್ತ ಕುಳಿತಿರುತ್ತಾಳೆ. ಇದು ನಮಗೆ ಇಂದು ಸಾಮಾನ್ಯ ಸಂಗತಿಯಾಗಿದೆ. ಆದರೆ ಇದನ್ನು ಸಾಧ್ಯಗೊಳಿಸಿದವನು ಯಾರು, ಅವನಿಗೆ ದೊರೆತ ಪ್ರತಿಫಲವೇನು ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ.

ಕಲಾ ವಿಭಾಗದ ವಿದ್ಯಾರ್ಥಿಗಳ ಸಂಚಿಕೆಗೆ ವೈದ್ಯಶಾಸ್ತ್ರದ ವಿಷಯವೇಕೆ ಎಂದು ಕೆಲವು ಮಿತ್ರರು ಕೇಳಬಹುದು. ಶಾಸ್ತ್ರ ಯಾವುದಾದರೇನು, ಅದನ್ನು ಬೆಳೆಸಿದವರು ಮನುಷ್ಯರೇ ಅಲ್ಲವೆ? ಅವರ ಬಡತನ, ಅಭಿಮಾನ, ಸ್ನೇಹ, ಮತ್ಸರಗಳು ಇತಿಹಾಸದ ಮತ್ತು ಸಾಹಿತ್ಯದ ವಿದ್ಯಾರ್ಥಿಗೆ ಪರಕೀಯವಲ್ಲ. ಅದೂ ಅಲ್ಲದೆ ರಾಜಗೋಪಾಲನಗರ, ಪೀಣ್ಯಗಳ ಸುತ್ತ ವಾಸಿಸುವ ನಮಗೆ ಈ ವಿಷಯ ದೂರದ್ದೂ ಅಲ್ಲ. ಇಲ್ಲಿನ ಕಾರ್ಖಾನೆಗಳಲ್ಲಿ ಲೇತು ತಿರುಗಿಸುವವರ, ಸಾಣೆ ಹಿಡಿಯುವವರ, ವೆಲ್ಡಿಂಗ್ ಮಾಡುವವರ ಕಣ್ಣಿಗೆ ಕಬ್ಬಿಣದ ಚೂರು ಸಿಡಿದು ಕೂರುವುದುಂಟು. ವೈದ್ಯರು ಅದನ್ನು ಸೂಜಿಯ ಮೊನೆಯಿಂದ ಎತ್ತಿ ತೆಗೆಯುವ ಮೊದಲು ಕಣ್ಣಿಗೆ ಒಂದೆರಡು ತೊಟ್ಟು ಔಷಧ ಬಿಡುತ್ತಾರೆ. ಅರೆ ನಿಮಿಷದಲ್ಲಿ ಉರಿ ಅಡಗುತ್ತದೆ. ಆ ತೊಟ್ಟಿನ ವಂಶಮೂಲ 1884ನೆಯ ಇಸವಿಯ ವಿಯೆನ್ನಾ ನಗರದಲ್ಲಿದೆ. ಅದರ ಕರ್ತೃವೇ ಕಾರ್ಲ್ ಕೊಲ್ಲರ್.

ಕೊಲ್ಲರ್ ಹುಟ್ಟಿದ್ದು 1857ನೆಯ ಡಿಸೆಂಬರ್ 3ರಂದು, ಬೊಹೀಮಿಯಾ ಪ್ರಾಂತದ ಒಂದು ಸಣ್ಣ ಊರಿನಲ್ಲಿ. ಆ ಊರನ್ನು ಅಂದು ಷ್ಯೂಟ್ಟೆನ್‌ಹೋಫೆನ್ ಎನ್ನುತ್ತಿದ್ದರು. ಇಂದು ಅದು ಚೆಕ್ ದೇಶದ ಸುಷಿತ್ಸೆ. ಆಗ ಆ ಸೀಮೆಯೆಲ್ಲ ಆಸ್ಟ್ರಿಯಾ ಚಕ್ರವರ್ತಿಯ ಆಳ್ವಿಕೆಗೆ ಸೇರಿತ್ತು. ಮನೆತನ ಯೆಹೂದ್ಯರದು; ತಂದೆ ವ್ಯಾಪಾರಸ್ಥರು. ಮಗು ಚಿಕ್ಕದಾಗಿದ್ದಾಗಲೇ ತಾಯಿ ತೀರಿಕೊಂಡಳು. ಮುಂದೆ ಕುಟುಂಬ ವಿಯೆನ್ನಾ ನಗರಕ್ಕೆ ಬಂದು ನೆಲೆಸಿತು. ಹುಡುಗನು ಮೊದಲು ಕಾನೂನಿನ ತರಗತಿಗೆ ಸೇರಿ, ಒಂದು ವರ್ಷದ ನಂತರ ಅದನ್ನು ಬಿಟ್ಟು ವೈದ್ಯಶಾಸ್ತ್ರಕ್ಕೆ ತಿರುಗಿದನು. 1882ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯದ ವೈದ್ಯ ಪದವಿ ಕೈಸೇರಿತು.

ಆ ಕಾಲದಲ್ಲಿ ವೈದ್ಯಶಾಸ್ತ್ರ ಕಲಿಯಲು ವಿಯೆನ್ನಾಕ್ಕಿಂತ ಹೆಚ್ಚಿನ ಸ್ಥಳವಿರಲಿಲ್ಲ. ಅಲ್ಲಿನ ಸಾರ್ವಜನಿಕ ಆಸ್ಪತ್ರೆಗೆ ದೇಶದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಕೊಲ್ಲರ್ ಅಲ್ಲಿ ಕಿರಿಯ ವೈದ್ಯನಾಗಿ, ಬಿಡುವಿನ ವೇಳೆಯಲ್ಲಿ ಪ್ರೊಫೆಸರ್ ಷ್ಟ್ರಿಕರ್ ಎಂಬುವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದನು. ಅವನ ಮನಸ್ಸೆಲ್ಲ ನೇತ್ರಚಿಕಿತ್ಸೆಯ ಮೇಲಿತ್ತು. ನೇತ್ರವಿಭಾಗದಲ್ಲಿ ಸಹಾಯಕನ ಹುದ್ದೆಯೊಂದು ದೊರೆತರೆ ಬಾಳು ಸಾರ್ಥಕವೆಂದು ಅವನ ಭಾವನೆ. ಅಂದಿನ ಶ್ರೇಷ್ಠ ನೇತ್ರವೈದ್ಯರಲ್ಲೊಬ್ಬರಾದ ಪ್ರೊಫೆಸರ್ ಆರ್ಲ್ಟ್ ಅವನ ಗುರುಗಳು. ಕಣ್ಣಿನ ಶಸ್ತ್ರಕ್ರಿಯೆಗೆ ಒಗ್ಗುವ ನೋವುಶಾಮಕ ಇಲ್ಲದಿರುವುದೇ ತಮ್ಮ ವೃತ್ತಿಯ ದೊಡ್ಡ ಕೊರತೆಯೆಂದು ಅವರು ಶಿಷ್ಯನಿಗೆ ತಿಳಿಸಿದ್ದರು.

ಈ ಕೊರತೆ ಎಷ್ಟು ಕಠಿನವಾದುದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕಣ್ಣಿನ ಪೊರೆಯ ಚಿಕಿತ್ಸೆ ಹೊಸದೇನಲ್ಲ. ನಮ್ಮ ಸುಶ್ರುತಸಂಹಿತೆಯಲ್ಲಿಯೇ ಅದರ ವಿವರಣೆಯಿದೆ. ಮಬ್ಬಾದ ಮಸೂರವನ್ನು ಶಲಾಕೆಯಿಂದ ಪಕ್ಕಕ್ಕೆ ಸರಿಸುವ ಆ ವಿಧಾನ ನೂರಾರು ವರ್ಷ ಪೂರ್ವ ಪಶ್ಚಿಮಗಳಲ್ಲೆಲ್ಲ ನಡೆಯಿತು. ಹದಿನೆಂಟನೆಯ ಶತಮಾನದ ನಡುವೆ ಫ್ರಾನ್ಸಿನ ಡೇವಿಯಲ್ ಎಂಬ ವೈದ್ಯನು ಮಸೂರವನ್ನು ಕಣ್ಣಿನಿಂದ ಹೊರತೆಗೆಯುವ ಕ್ರಮವನ್ನು ಬಳಕೆಗೆ ತಂದನು. ವಿದ್ಯೆ ಬೆಳೆಯಿತು, ನೋವು ಮಾತ್ರ ಹಾಗೆಯೇ ಉಳಿಯಿತು. ಸಹಾಯಕರು ರೋಗಿಯ ತಲೆಯನ್ನೂ ಕೈಗಳನ್ನೂ ಅದುಮಿ ಹಿಡಿಯುವರು. ವೈದ್ಯನು ಕ್ಷಣಗಳಲ್ಲಿ ಕೆಲಸ ಮುಗಿಸಬೇಕು. ರೋಗಿ ಬೆಚ್ಚಿ ಒಮ್ಮೆ ಕಣ್ಣು ಹಿಂಡಿದರೆ, ಸೀಳಿದ ಕಣ್ಣಿನೊಳಗಿನ ದ್ರವ ಹೊರಕ್ಕೆ ನುಗ್ಗಿ ದೃಷ್ಟಿ ಶಾಶ್ವತವಾಗಿ ಹೋಗುವುದು.

1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಕ್ರಿಯೆಯನ್ನು ತೋರಿಸಿದರು. ಮರುವರ್ಷ ಸ್ಕಾಟ್ಲೆಂಡಿನಲ್ಲಿ ಕ್ಲೋರೋಫಾರ್ಮ್ ಬಳಕೆಗೆ ಬಂದಿತು. ಕೈಕಾಲು ಕತ್ತರಿಸುವ ವೈದ್ಯರಿಗೆ ಇವು ವರವಾದುವು. ಆದರೆ ನೇತ್ರವೈದ್ಯರಿಗೆ ಇವುಗಳಿಂದ ಹೆಚ್ಚಿನ ಉಪಕಾರವಾಗಲಿಲ್ಲ. ಏಕೆಂದರೆ ಔಷಧದ ಬಟ್ಟೆಯನ್ನು ಮುಖದ ಮೇಲೆಯೇ ಹಿಡಿಯಬೇಕು; ವೈದ್ಯನು ಕೆಲಸ ಮಾಡುವುದೂ ಮುಖದ ಮೇಲೆಯೇ. ಮೂರ್ಛೆ ಹೋದ ರೋಗಿ ಮೇಲೆ ನೋಡು, ಕೆಳಗೆ ನೋಡು ಎಂದರೆ ನೋಡಲಾರನು. ಎಲ್ಲಕ್ಕಿಂತ ಮಿಗಿಲಾಗಿ, ಎಚ್ಚರವಾಗುವಾಗ ಓಕರಿಕೆ ಬರುವುದು. ಆಗಿನ್ನೂ ಕಣ್ಣಿನ ಗಾಯಕ್ಕೆ ಸೂಕ್ಷ್ಮವಾದ ಹೊಲಿಗೆ ಹಾಕುವ ರೂಢಿಯಿರಲಿಲ್ಲ. ಒಂದು ಸಲ ಬಲವಾಗಿ ವಾಂತಿಯಾದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ಮೇಲಾಗಿ ಪೊರೆ ಬರುವುದು ಹೆಚ್ಚಾಗಿ ಮುದುಕರಿಗೆ. ಕ್ಲೋರೋಫಾರ್ಮ್ ತಾಳಲಾರದೆ ಪ್ರಾಣ ಬಿಡುವ ಭಯವೂ ಅವರಿಗೇ ಹೆಚ್ಚು. ಆದುದರಿಂದ ಅನೇಕ ನೇತ್ರವೈದ್ಯರು ನೋವೇ ಮೇಲೆಂದು ಎಚ್ಚರದ ಕಣ್ಣಿಗೇ ಶಸ್ತ್ರ ಹಾಕುತ್ತಿದ್ದರು.

ದೇಹವೆಲ್ಲ ಎಚ್ಚರವಾಗಿದ್ದು ಕಣ್ಣು ಮಾತ್ರ ಮಲಗಬೇಕು: ಇದೇ ಕೊಲ್ಲರ್ ಹಿಡಿದ ಗುರಿ. ಅವನು ಕ್ಲೋರಲ್, ಬ್ರೋಮೈಡ್, ಮಾರ್ಫೀನ್ ಮುಂತಾದುವನ್ನು ಪ್ರಾಣಿಗಳ ಕಣ್ಣಿನಲ್ಲಿ ಪರೀಕ್ಷಿಸಿ ನೋಡಿದನು. ಯಾವುದೂ ಫಲಿಸಲಿಲ್ಲ. ಕೆಲಸವನ್ನು ಅಲ್ಲಿಗೆ ನಿಲ್ಲಿಸಿದನು. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ.

ಅದೇ ಆಸ್ಪತ್ರೆಯಲ್ಲಿ ಅವನ ಮಿತ್ರನಾಗಿ ಮತ್ತೊಬ್ಬ ತರುಣ ವೈದ್ಯನಿದ್ದನು. ಅವನ ಹೆಸರು ಸಿಗ್ಮಂಡ್ ಫ್ರಾಯ್ಡ್. ಮುಂದೆ ಮನಶ್ಶಾಸ್ತ್ರದಲ್ಲಿ ಜಗತ್ಪ್ರಸಿದ್ಧನಾದ ಫ್ರಾಯ್ಡ್ ಇವನೇ. 1884ರಲ್ಲಿ ಅವನೂ ಬಡವ. ಮದುವೆ ನಿಶ್ಚಯವಾಗಿದ್ದರೂ ಸಂಸಾರ ಹೂಡುವ ಅನುಕೂಲವಿರಲಿಲ್ಲ. ಹೆಸರು ತರುವಂತಹ ಒಂದು ಸಂಶೋಧನೆಯನ್ನು ಅವನು ಹುಡುಕುತ್ತಿದ್ದನು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜನ ಕೋಕಾ ಎಂಬ ಗಿಡದ ಎಲೆಯನ್ನು, ನಮ್ಮವರು ವೀಳ್ಯವನ್ನು ಮೆಲ್ಲುವಂತೆ, ಮೆಲ್ಲುತ್ತಿದ್ದರು. ಅದರಿಂದ ಹಸಿವು, ಆಯಾಸಗಳು ತಿಳಿಯುತ್ತಿರಲಿಲ್ಲ. ಆ ಎಲೆಯ ಸತ್ವವನ್ನು 1860ರ ಹೊತ್ತಿಗೆ ಜರ್ಮನಿಯ ನೀಮನ್ ಎಂಬ ರಸಾಯನಶಾಸ್ತ್ರಜ್ಞನು ಬೇರ್ಪಡಿಸಿ ಕೊಕೇನ್ ಎಂದು ಹೆಸರಿಟ್ಟಿದ್ದನು. ಫ್ರಾಯ್ಡ್ ಅದನ್ನು ತರಿಸಿ, ತಾನೂ ಸೇವಿಸಿ, ಮಿತ್ರರಿಗೂ ಕೊಟ್ಟು ಅದರ ಗುಣಗಳನ್ನು ಪರೀಕ್ಷಿಸಿದನು. ಮಾರ್ಫೀನಿನ ಚಟಕ್ಕೆ ಸಿಕ್ಕಿಬಿದ್ದಿದ್ದ ಫ್ಲೈಷಲ್ ಎಂಬ ಮಿತ್ರನನ್ನು ಇದರಿಂದ ಬಿಡಿಸಬಹುದೆಂದು ನಂಬಿದನು. 1884ರ ಜುಲೈ ತಿಂಗಳಲ್ಲಿ ಕೋಕಾವನ್ನು ಕುರಿತು ಒಂದು ದೀರ್ಘ ಲೇಖನವನ್ನೂ ಪ್ರಕಟಿಸಿದನು. ಈ ವಸ್ತು ಚರ್ಮ ಮತ್ತು ಲೋಳೆಪೊರೆಗಳನ್ನು ಮರಗಟ್ಟಿಸುವ ಗುಣವುಳ್ಳದ್ದೆಂದು ಅದರ ಕೊನೆಯಲ್ಲಿ ಸೂಚಿಸಿದ್ದನು. ಆಮೇಲೆ ಭಾವಿ ಪತ್ನಿಯನ್ನು ನೋಡಲು ಜರ್ಮನಿಯ ಉತ್ತರಕ್ಕೆ ಪ್ರಯಾಣ ಹೊರಟನು.

ಫ್ರಾಯ್ಡ್ ಊರಿನಲ್ಲಿ ಇಲ್ಲದಿದ್ದ ಆ ದಿನಗಳಲ್ಲಿಯೇ ಸಂಗತಿ ನಡೆಯಿತು. ಕೊಲ್ಲರನ ಬಳಿಯಲ್ಲಿದ್ದ ಕೊಕೇನನ್ನು ಸಹೋದ್ಯೋಗಿಯೊಬ್ಬನು ಚೂರಿಯ ತುದಿಯಿಂದ ತೆಗೆದು ರುಚಿ ನೋಡಿ, ನಾಲಗೆ ಜೋಮು ಹಿಡಿಯಿತೆಂದನು. ಕೊಲ್ಲರ್ ಅದು ತಿಂದವರೆಲ್ಲರಿಗೂ ಗೊತ್ತಿರುವ ಸಂಗತಿಯೆಂದು ಉತ್ತರ ಕೊಟ್ಟನು. ಉತ್ತರ ಕೊಡುತ್ತಿರುವಾಗಲೇ ಅವನಿಗೆ ಮಿಂಚು ಹೊಳೆದಂತಾಯಿತು. ಇಷ್ಟು ದಿನ ತಾನು ಹುಡುಕುತ್ತಿದ್ದ ಔಷಧವನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದೆನಲ್ಲಾ ಎನಿಸಿತು. ನೆಟ್ಟಗೆ ಷ್ಟ್ರಿಕರ್ ಅವರ ಪ್ರಯೋಗಶಾಲೆಗೆ ನಡೆದನು. ಅಲ್ಲಿ ಗೇರ್ಟ್ನರ್ ಎಂಬ ಸಹಾಯಕನಿದ್ದನು. ಇಬ್ಬರೂ ಸೇರಿ ಆ ಬಿಳಿಯ ಪುಡಿಯನ್ನು ನೀರಿನಲ್ಲಿ ಕರಗಿಸಿ ಒಂದು ಕಪ್ಪೆಯ ಕಣ್ಣಿಗೆ ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಸೂಜಿಯಿಂದ ಮುಟ್ಟಿದರೂ ಕಪ್ಪೆ ಆ ಕಣ್ಣನ್ನು ಮುಚ್ಚಲಿಲ್ಲ. ಔಷಧ ಬಿಡದ ಇನ್ನೊಂದು ಕಣ್ಣನ್ನು ಮುಟ್ಟಹೋದರೆ ಕುಪ್ಪಳಿಸಿತು. ಮೊಲದ ಮೇಲೂ ನಾಯಿಯ ಮೇಲೂ ಪರೀಕ್ಷೆ ನಡೆಯಿತು. ಇನ್ನು ಉಳಿದದ್ದು ಮನುಷ್ಯನ ಕಣ್ಣು. ಇಬ್ಬರೂ ಪರಸ್ಪರರ ಕಣ್ಣಿಗೆ ತೊಟ್ಟು ಬಿಟ್ಟುಕೊಂಡು, ಕನ್ನಡಿಯ ಮುಂದೆ ನಿಂತು, ಗುಂಡುಸೂಜಿಯ ತಲೆಯಿಂದ ಕಪ್ಪುಗುಡ್ಡೆಯನ್ನು ಒತ್ತಿ ನೋಡಿದರು. ಏನೂ ತಿಳಿಯಲಿಲ್ಲ. ಕೆಲವು ದಿನಗಳಲ್ಲಿಯೇ, 1884ರ ಸೆಪ್ಟೆಂಬರಿನಲ್ಲಿ, ರೋಗಿಗಳ ಕಣ್ಣಿನ ಶಸ್ತ್ರಕ್ರಿಯೆಗೆ ಅದನ್ನು ಬಳಸಲಾಯಿತು. ಕೊಲ್ಲರನಿಗೆ ಆಗ ವಯಸ್ಸು ಇಪ್ಪತ್ತಾರು.

ಇಲ್ಲಿ ಒಂದು ಮಾತನ್ನು ಯೋಚಿಸಬೇಕಾಗಿದೆ. ಕೊಕೇನಿನಿಂದ ನಾಲಗೆ ಮರಗಟ್ಟುವುದನ್ನು ಕಂಡವರಲ್ಲಿ ಕೊಲ್ಲರ್ ಮೊದಲನೆಯವನೇನಲ್ಲ. ನೀಮನ್ ಕಂಡಿದ್ದನು, ರಷ್ಯದ ಆನ್ರೆಪ್ ಎಂಬ ವೈದ್ಯನು ನಾಲ್ಕೈದು ವರ್ಷಗಳ ಹಿಂದೆಯೇ ಅದನ್ನು ಕುರಿತು ಬರೆದಿದ್ದನು, ಫ್ರಾಯ್ಡನೂ ಬರೆದಿದ್ದನು. ಅವರೆಲ್ಲರ ಕೈಯಲ್ಲಿ ಉತ್ತರವಿತ್ತು. ಆದರೆ ಈ ಉತ್ತರ ಯಾವ ಪ್ರಶ್ನೆಗೆ ಸಲ್ಲುವುದೆಂಬ ಅರಿವು ಇದ್ದವನು ಕೊಲ್ಲರ್ ಒಬ್ಬನೇ. ಸೋತ ಪ್ರಯೋಗಗಳ ನೆನಪು ಅವನಲ್ಲಿ ಹಸಿಯಾಗಿತ್ತು. ಅದೃಷ್ಟವೆಂದು ನಾವು ಕರೆಯುವುದರಲ್ಲಿ ಇಂತಹ ಸಿದ್ಧತೆಯ ಪಾಲು ಎಷ್ಟೆಂಬುದನ್ನು ವಿದ್ಯಾರ್ಥಿಗಳಾದ ನಾವು ಗಮನಿಸಬೇಕು.

ಆ ಸೆಪ್ಟೆಂಬರ್ 15ರಂದು ಜರ್ಮನಿಯ ಹೈಡಲ್‌ಬರ್ಗ್ ನಗರದಲ್ಲಿ ನೇತ್ರವೈದ್ಯರ ಸಮ್ಮೇಳನ ಕೂಡುವುದಿತ್ತು. ತನ್ನ ಶೋಧವನ್ನು ಅಲ್ಲಿಯೇ ಪ್ರಕಟಿಸಬೇಕೆಂದು ಕೊಲ್ಲರನ ಇಚ್ಛೆ. ಆದರೆ ಅಲ್ಲಿಗೆ ಹೋಗಿಬರುವ ಖರ್ಚಿಗೆ ಅವನಲ್ಲಿ ಹಣವಿರಲಿಲ್ಲ! ಆಗ ಟ್ರಿಯೆಸ್ಟಿನ ಬ್ರೆಟ್ಟವರ್ ಎಂಬ ವೈದ್ಯರು ಸಮ್ಮೇಳನಕ್ಕೆ ಹೊರಟಿದ್ದರು. ಕೊಲ್ಲರ್ ಒಂದು ಚಿಕ್ಕ ಲೇಖನವನ್ನು ಬರೆದು ಅವರ ಕೈಯಲ್ಲಿ ಕಳುಹಿಸಿದನು. ಅವರು ಅದನ್ನು ಓದಿ, ಪ್ರಯೋಗವನ್ನೂ ತೋರಿಸಿದರು. ನೆರೆದಿದ್ದ ಹಿರಿಯ ವೈದ್ಯರು ಬೆರಗಾದರು. ಕೆಲವೇ ವಾರಗಳಲ್ಲಿ ಸುದ್ದಿ ಅಟ್ಲಾಂಟಿಕ್ ಸಾಗರವನ್ನು ದಾಟಿತು. ಅಕ್ಟೋಬರ್ 17ರಂದು ವಿಯೆನ್ನಾ ವೈದ್ಯರ ಸಂಘದಲ್ಲಿ ಕೊಲ್ಲರ್ ತಾನೇ ಪೂರ್ಣ ಪ್ರಬಂಧವನ್ನು ಓದಿದನು. ಕೊಕೇನನ್ನು ವಿಯೆನ್ನಾದ ವೈದ್ಯರ ಗಮನಕ್ಕೆ ತಂದವನು ಫ್ರಾಯ್ಡ್ ಎಂಬುದನ್ನು ಅದರಲ್ಲಿ ಮರೆಯದೆ ಹೇಳಿದನು. ಡಿಸೆಂಬರಿನಲ್ಲಿ ಅದರ ಇಂಗ್ಲಿಷ್ ಅನುವಾದ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು.

ಕೋನಿಗ್‌ಷ್ಟೈನ್ ಎಂಬ ಮತ್ತೊಬ್ಬ ನೇತ್ರವೈದ್ಯರಿಗೂ ಫ್ರಾಯ್ಡ್ ಊರು ಬಿಡುವ ಮುನ್ನ ಕೊಕೇನನ್ನು ಕಣ್ಣಿನ ಬೇನೆಗಳಲ್ಲಿ ಪರೀಕ್ಷಿಸಲು ಹೇಳಿ ಹೋಗಿದ್ದನು. ಅವರೂ ಅದೇ ಸಭೆಯಲ್ಲಿ ಮಾತನಾಡಿದುದರಿಂದ ಮೊದಲಿಗರು ಯಾರೆಂಬ ತಕರಾರು ಏಳುವಂತಾಯಿತು. ಫ್ರಾಯ್ಡನೇ ನಡುವೆ ಬಂದು, ಗೌರವ ಕೊಲ್ಲರನಿಗೆ ಸಲ್ಲತಕ್ಕದ್ದೆಂದು ಒಪ್ಪಿಸಿದನು. 1885ರ ವಸಂತದಲ್ಲಿ ಫ್ರಾಯ್ಡನ ತಂದೆಗೆ ಕಣ್ಣಿನ ಒತ್ತಡದ ರೋಗ ಬಂದಾಗ ಶಸ್ತ್ರ ಹಿಡಿದವರು ಕೋನಿಗ್‌ಷ್ಟೈನ್, ಕಣ್ಣಿಗೆ ಕೊಕೇನ್ ಬಿಟ್ಟವನು ಕೊಲ್ಲರ್, ಪಕ್ಕದಲ್ಲಿ ನಿಂತು ಸಹಾಯ ಮಾಡಿದವನು ಫ್ರಾಯ್ಡ್. ತಕರಾರಿನ ಮೂವರೂ ಒಬ್ಬ ಮುದುಕನ ಕಣ್ಣಿನ ಸುತ್ತ ಹೀಗೆ ಒಂದುಗೂಡಿದುದು ಸಂತೋಷದ ಸಂಗತಿ. ಬಹಳ ವರ್ಷಗಳ ಮೇಲೆ ಫ್ರಾಯ್ಡ್ ಆತ್ಮಕಥೆಯನ್ನು ಬರೆದಾಗ, ತನಗೆ ತಾರುಣ್ಯದಲ್ಲಿಯೇ ಕೀರ್ತಿ ತಪ್ಪಿದ್ದು ಭಾವಿ ಪತ್ನಿಯನ್ನು ನೋಡಹೋದ ಆ ಪ್ರಯಾಣದಿಂದ ಎಂದು ಅರ್ಧ ವಿನೋದವಾಗಿ ಬರೆದುಕೊಂಡನು.

ಇಷ್ಟು ದೊಡ್ಡ ಶೋಧ ಮಾಡಿದವನಿಗೆ ಬಯಸಿದ ಹುದ್ದೆ ತಾನಾಗಿಯೇ ದೊರೆತಿರಬೇಕೆಂದು ನಾವು ಎಣಿಸುತ್ತೇವೆ. ನಡೆದದ್ದು ಬೇರೆ. 1885ರ ಜನವರಿಯ ಮೊದಲಲ್ಲಿ ಆಸ್ಪತ್ರೆಯಲ್ಲಿ, ಬೆರಳಿಗೆ ಗಾಯವಾಗಿದ್ದ ಒಬ್ಬ ರೋಗಿಯ ವಿಷಯದಲ್ಲಿ ಕೊಲ್ಲರನಿಗೂ ಸಹೋದ್ಯೋಗಿಯೊಬ್ಬನಿಗೂ ಮಾತು ಬೆಳೆಯಿತು. ರಕ್ತಸಂಚಾರ ನಿಲ್ಲುವಷ್ಟು ಬಿಗಿಯಾಗಿದ್ದ ಕಟ್ಟನ್ನು ಸಡಿಲಿಸಬೇಕೆಂಬುದು ಕೊಲ್ಲರನ ವಾದ. ಎದುರಾಳಿ ಎಲ್ಲರ ಮುಂದೆ ಅವನ ಯೆಹೂದ್ಯ ಜನ್ಮವನ್ನು ಹಿಡಿದು ಹೀನಾಯವಾಗಿ ಬೈದನು. ಕೊಲ್ಲರ್ ಅವನ ಮುಖಕ್ಕೆ ಹೊಡೆದನು. ಅಂದಿನ ಸಂಪ್ರದಾಯದಂತೆ ಇದು ಕತ್ತಿಯ ದ್ವಂದ್ವಯುದ್ಧಕ್ಕೆ ತಿರುಗಿತು. ಕೊಲ್ಲರನಿಗೆ ಗಾಯವಾಗಲಿಲ್ಲ, ಎದುರಾಳಿಗೆ ಎರಡು ಆಳವಾದ ಪೆಟ್ಟು ಬಿದ್ದುವು. ಮಾನವೇನೋ ಉಳಿಯಿತು. ಆದರೆ ದ್ವಂದ್ವ ಕಾನೂನಿಗೆ ವಿರುದ್ಧವಾದುದು; ಮೊಕದ್ದಮೆ ಹೂಡಲ್ಪಟ್ಟಿತು. ಮೊದಲೇ ಯೆಹೂದ್ಯರ ಮೇಲೆ ದ್ವೇಷ ಹಬ್ಬುತ್ತಿದ್ದ ನಗರ. ಅದರ ಮೇಲೆ ಕೊಲ್ಲರನದು ಹಿರಿಯರೆದುರಿಗೂ ತನ್ನ ಅಭಿಪ್ರಾಯವನ್ನು ಮುಚ್ಚಿಡದ ನೇರ ನಾಲಗೆ. ಸಹಾಯಕನ ಹುದ್ದೆ ಅವನಿಗೆ ಬರಲೇ ಇಲ್ಲ. ಯಾವ ನಗರದ ಹೆಸರನ್ನು ಅವನು ಜಗತ್ತಿನ ಎಲ್ಲ ಕಣ್ಣಾಸ್ಪತ್ರೆಗಳಿಗೂ ಮುಟ್ಟಿಸಿದನೋ ಆ ನಗರದಲ್ಲಿ ಅವನಿಗೆ ಸ್ಥಳವಿಲ್ಲವಾಯಿತು.

1885ರಲ್ಲಿ ಕೊಲ್ಲರ್ ವಿಯೆನ್ನಾವನ್ನು ಬಿಟ್ಟು ಹಾಲೆಂಡಿನ ಯೂಟ್ರೆಕ್ಟ್ ನಗರಕ್ಕೆ ಹೋದನು. ಅಲ್ಲಿ ಡಾಂಡರ್ಸ್ ಮತ್ತು ಸ್ನೆಲ್ಲೆನ್ ಎಂಬ ಇಬ್ಬರು ಮಹಾನುಭಾವರು ಅವನನ್ನು ಆದರದಿಂದ ಕಂಡರು. ಕಣ್ಣು ಪರೀಕ್ಷಿಸುವಾಗ ಗೋಡೆಯ ಮೇಲೆ ತೂಗುಹಾಕಿ ಓದಿಸುತ್ತಾರಲ್ಲ, ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತ ಹೋಗುವ ಅಕ್ಷರಗಳ ಆ ಹಲಗೆ, ಅದನ್ನು ರೂಪಿಸಿದವರೇ ಈ ಸ್ನೆಲ್ಲೆನ್. ಅಲ್ಲಿಂದ ಮುಂದೆ, 1888ರಲ್ಲಿ, ಕೊಲ್ಲರ್ ಅಮೆರಿಕದ ನ್ಯೂಯಾರ್ಕಿಗೆ ಹೋಗಿ ವೃತ್ತಿಯನ್ನು ಆರಂಭಿಸಿದನು. ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ನೇತ್ರವೈದ್ಯನಾದನು. 1893ರಲ್ಲಿ ವಿವಾಹವಾಯಿತು, ಇಬ್ಬರು ಮಕ್ಕಳಾದರು. ಗೌರವಗಳು ತಡವಾಗಿ ಬಂದುವು. ಅಮೆರಿಕದ ನೇತ್ರವೈದ್ಯ ಸಂಘವು ಲೂಸಿಯನ್ ಹೌ ಪದಕವನ್ನು ಮೊತ್ತಮೊದಲಿಗೆ, 1922ರಲ್ಲಿ, ಕೊಟ್ಟಿದ್ದು ಇವನಿಗೇ. ಹಿಂದೆ ಹೋಗಲು ಹಣವಿಲ್ಲದಿದ್ದ ಹೈಡಲ್‌ಬರ್ಗಿನಿಂದಲೂ ಮುಪ್ಪಿನಲ್ಲಿ ಪದಕ ಬಂದಿತು. ನೊಬೆಲ್ ಬಹುಮಾನಕ್ಕೆ ಹೆಸರು ಸೂಚಿತವಾದರೂ ಬಹುಮಾನ ಬರಲಿಲ್ಲ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಮುದಿ ಫ್ರಾಯ್ಡನೂ ವಿಯೆನ್ನಾವನ್ನು ಬಿಟ್ಟು ಓಡಬೇಕಾಯಿತು. ಅರ್ಧ ಶತಮಾನದ ಹಿಂದೆ ಮಿತ್ರನು ತುಳಿದ ದಾರಿಯನ್ನೇ ಅವನೂ ತುಳಿದನು. 1944ರ ಮಾರ್ಚ್ 21ರಂದು, ಎಂಬತ್ತಾರನೆಯ ವಯಸ್ಸಿನಲ್ಲಿ, ಕೊಲ್ಲರ್ ನ್ಯೂಯಾರ್ಕಿನಲ್ಲಿ ಕಣ್ಮುಚ್ಚಿದನು.

ವ್ಯಕ್ತಿಯ ಕಥೆ ಇಲ್ಲಿಗೆ ಮುಗಿಯಿತು. ಅವನು ಬಿಟ್ಟ ತೊಟ್ಟಿನ ಕಥೆ ಮಾತ್ರ ಮುಂದುವರಿಯಿತು. ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪಟಲದಲ್ಲಿ ನರಗಳು ದಟ್ಟವಾಗಿ ಹೆಣೆದುಕೊಂಡಿವೆ. ಆದುದರಿಂದಲೇ ಅಲ್ಲಿ ಧೂಳಿನ ಕಣವೂ ಸಹಿಸದು. ನರದ ತಂತುವಿನೊಳಕ್ಕೆ ಸೋಡಿಯಂ ಕಣಗಳು ನುಗ್ಗಿದಾಗ ನೋವಿನ ಸುದ್ದಿ ಮೆದುಳಿನ ಕಡೆಗೆ ಸಾಗುತ್ತದೆ. ಕೊಕೇನ್ ಆ ಬಾಗಿಲನ್ನೇ ಮುಚ್ಚುತ್ತದೆ. ಸುದ್ದಿ ಹೊರಡುವುದೇ ಇಲ್ಲ. ಆದರೆ ಈ ಔಷಧದ ಮತ್ತೊಂದು ಮುಖ ಬೇಗನೆ ಬಯಲಾಯಿತು. ಅದು ಕಣ್ಣಿನ ಮೇಲ್ಪದರವನ್ನು ಒಣಗಿಸಿ ಕೆಡಿಸುತ್ತಿತ್ತು. ಪ್ರಮಾಣ ಮೀರಿದರೆ ಹೃದಯಕ್ಕೆ ಘಾತಕವಾಗುತ್ತಿತ್ತು. ಚಟವಾಗಿಯೂ ಹಿಡಿಯುತ್ತಿತ್ತು. ಮಾರ್ಫೀನಿನಿಂದ ಬಿಡುಗಡೆ ಹೊಂದಲೆಂದು ಕೊಕೇನ್ ಹಿಡಿದ ಫ್ಲೈಷಲ್ ಎರಡಕ್ಕೂ ದಾಸನಾಗಿ 1891ರಲ್ಲಿ ತೀರಿಕೊಂಡನು. ಇದನ್ನು ನರಗಳ ಬುಡಕ್ಕೆ ಚುಚ್ಚಿ ಪ್ರಯೋಗ ಮಾಡಿದ ಅಮೆರಿಕದ ಶ್ರೇಷ್ಠ ಶಸ್ತ್ರವೈದ್ಯ ಹಾಲ್‌ಸ್ಟೆಡ್ ತಾನೇ ಅದರ ಬಲೆಗೆ ಬಿದ್ದನು. ಹೀಗಾಗಿ ಗುಣವನ್ನು ಉಳಿಸಿ ದೋಷವನ್ನು ಕಳೆಯುವ ಯತ್ನ ಆರಂಭವಾಯಿತು. 1905ರ ವೇಳೆಗೆ ಜರ್ಮನಿಯ ಐನ್‌ಹಾರ್ನ್ ರೂಪಿಸಿದ ನೋವೊಕೇನ್ ಬಳಕೆಗೆ ಬಂದಿತು. 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ಲಿಗ್ನೊಕೇನನ್ನು ತಯಾರಿಸಿದನು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವ ಸೀಸೆ ಇದೇ.

ಪೊರೆಯ ಶಸ್ತ್ರಕ್ರಿಯೆಗೆ ಇಂದು ಒಂದಲ್ಲ, ಹಲವು ನೋವುಶಾಮಕ ವಿಧಾನಗಳಿವೆ. ಅವುಗಳಲ್ಲಿ ಯಾವುದನ್ನು ಯಾರಿಗೆ ಆರಿಸಬೇಕೆಂಬುದೇ ಒಂದು ವಿದ್ಯೆಯಾಗಿದೆ. ಕಣ್ಣಿನ ಹಿಂಭಾಗಕ್ಕೆ ಸೂಜಿಯಿಂದ ಔಷಧ ಸೇರಿಸುವ ಕ್ರಮವನ್ನು ನ್ಯೂಯಾರ್ಕಿನ ನ್ಯಾಪ್ ಎಂಬ ವೈದ್ಯರು ಕೊಲ್ಲರನ ಶೋಧದ ವರ್ಷವೇ ಮಾಡಿ ನೋಡಿದ್ದರು. ಅದರಿಂದ ನೋವಷ್ಟೇ ಅಲ್ಲ, ಕಣ್ಣಿನ ಚಲನೆಯೂ ನಿಲ್ಲುತ್ತದೆ. ವೈದ್ಯರಿಗೆ ನಿಶ್ಚಲವಾದ ಕಣ್ಣು ದೊರೆಯುತ್ತದೆ. ಆದರೆ ಸೂಜಿ ಕಾಣದ ಜಾಗಕ್ಕೆ ಹೋಗುವುದರಿಂದ, ಅಪರೂಪಕ್ಕಾದರೂ, ಹಿಂದೆ ರಕ್ತಸ್ರಾವವಾಗುವ, ಗುಡ್ಡೆಗೇ ಚುಚ್ಚುವ, ಔಷಧ ಮೆದುಳಿನ ಕಡೆಗೆ ಸರಿಯುವ ಅಪಾಯಗಳುಂಟು. ಹೆಚ್ಚಿನ ಹ್ರಸ್ವದೃಷ್ಟಿಯುಳ್ಳವರ ಗುಡ್ಡೆ ಉದ್ದವಾಗಿರುವುದರಿಂದ ಅವರಿಗೆ ಈ ಭಯ ಹೆಚ್ಚು. 1980ರ ದಶಕದಲ್ಲಿ ಸೂಜಿಯನ್ನು ಅಷ್ಟು ಹಿಂದಕ್ಕೆ ಒಯ್ಯದೆ, ಗುಡ್ಡೆಯ ಸುತ್ತಲಿನ ಜಾಗಕ್ಕೆ ಔಷಧ ತುಂಬುವ ವಿಧಾನ ಪ್ರಚಾರಕ್ಕೆ ಬಂದಿತು. ಇದರಿಂದ ಅಪಾಯ ತಗ್ಗಿತು, ಇಲ್ಲವಾಗಲಿಲ್ಲ. ಆಮೇಲೆ, ಗುಡ್ಡೆಯ ಹೊರಪದರದಲ್ಲಿ ಸಣ್ಣ ಕಿಂಡಿ ಮಾಡಿ ಮೊಂಡು ನಳಿಗೆಯಿಂದ ಔಷಧ ಹರಿಸುವ ಕ್ರಮ ಹರಡಿತು. ಚೂಪಾದ ಸೂಜಿಯ ಭಯ ಅಲ್ಲಿಲ್ಲ.

ನಾಲ್ಕನೆಯದು ಕೊಲ್ಲರನ ಹಳೆಯ ದಾರಿಯೇ, ಬರಿಯ ತೊಟ್ಟು. ನೂರು ವರ್ಷಗಳ ಕಾಲ ಸೂಜಿಯೇ ಮುಂದಾಗಿದ್ದು, 1990ರ ದಶಕದಲ್ಲಿ ತೊಟ್ಟು ಮರಳಿ ಬಂದುದು ಕುತೂಹಲಕರವಾಗಿದೆ. ಕಾರಣವೇನೆಂದರೆ, 1967ರಲ್ಲಿ ಅಮೆರಿಕದ ಕೆಲ್ಮನ್ ಆರಂಭಿಸಿದ ವಿಧಾನದಲ್ಲಿ ಸೂಕ್ಷ್ಮ ಕಂಪನದಿಂದ ಪೊರೆಯನ್ನು ಕಣ್ಣಿನೊಳಗೇ ಪುಡಿಮಾಡಿ ಹೀರಿ ತೆಗೆಯುತ್ತಾರೆ. ಎರಡು ಮೂರು ಮಿಲಿಮೀಟರ್ ಸೀಳು ಸಾಕು. ಇಷ್ಟು ಚಿಕ್ಕ ಗಾಯಕ್ಕೆ ತೊಟ್ಟೇ ಸಾಲುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವ ಹೃದ್ರೋಗಿಗಳಿಗೆ ಇದು ದೊಡ್ಡ ಅನುಕೂಲ. ಆದರೆ ಇದರಲ್ಲಿ ಕಣ್ಣು ಆಡುತ್ತಲೇ ಇರುತ್ತದೆ; ಒತ್ತಿದಂತೆ ಭಾಸವಾಗುತ್ತದೆ; ರೋಗಿ ದೀಪವನ್ನೇ ನೋಡುತ್ತ ಅಲುಗಾಡದೆ ಮಲಗಬೇಕು. ಕಿವಿ ಕೇಳದವರಿಗೆ, ತಲೆ ನಡುಗುವವರಿಗೆ, ಬಹಳ ಹೆದರಿದವರಿಗೆ ಇದು ಹೊಂದುವುದಿಲ್ಲ. ಯಂತ್ರವಿಲ್ಲದೆ ಕೈಯಿಂದಲೇ ಪೊರೆಯನ್ನು ಇಡಿಯಾಗಿ ತೆಗೆಯುವ, ನಮ್ಮ ದೇಶದಲ್ಲಿ ಹೆಚ್ಚಾಗಿ ನಡೆಯುವ ವಿಧಾನದಲ್ಲಿ ಸೀಳು ಸ್ವಲ್ಪ ದೊಡ್ಡದು. ಅಲ್ಲಿ ಸಾಮಾನ್ಯವಾಗಿ ಸೂಜಿಯನ್ನೋ ಮೊಂಡು ನಳಿಗೆಯನ್ನೋ ಆಶ್ರಯಿಸುತ್ತಾರೆ. ಮಕ್ಕಳಿಗೂ ಬುದ್ಧಿ ಸ್ಥಿಮಿತವಿಲ್ಲದವರಿಗೂ ಪೂರ್ಣ ನಿದ್ರೆಯೇ ಬೇಕು. ಆದುದರಿಂದ ಯಾವ ಒಂದು ವಿಧಾನವನ್ನೂ ಎಲ್ಲರಿಗೂ ಉತ್ತಮವೆನ್ನಲಾಗದು. ರೋಗಿ ತಾನು ನುಂಗುವ ಮಾತ್ರೆ, ತನ್ನ ಕೆಮ್ಮು, ಅಂಗಾತ ಮಲಗಿದರೆ ಬರುವ ಉಬ್ಬಸ ಇವನ್ನೆಲ್ಲ ಮುಚ್ಚಿಡದೆ ವೈದ್ಯರಿಗೆ ತಿಳಿಸಿದರೆ ಆಯ್ಕೆ ಸರಿಯಾಗುತ್ತದೆ.

ಒಂದು ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. ಮರಗಟ್ಟಿಸುವ ತೊಟ್ಟು ವೈದ್ಯರ ಕೈಯಲ್ಲಿರಬೇಕಾದ ವಸ್ತು. ಕಬ್ಬಿಣದ ಚೂರು ತೆಗೆಸಿಕೊಂಡ ಮೇಲೆ ಉರಿ ಮರಳಿತೆಂದು, ಅದೇ ಔಷಧವನ್ನು ಮನೆಯಲ್ಲಿ ಪದೇ ಪದೇ ಬಿಟ್ಟುಕೊಂಡರೆ ಪಟಲ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ನೋವಿಲ್ಲವೆಂದರೆ ಗಾಯವಿಲ್ಲವೆಂದು ಅರ್ಥವಲ್ಲ.

ಕೊಲ್ಲರನ ಉಪಕಾರ ಕನ್ನಡ ನಾಡಿಗೆ ಎಷ್ಟೆಂಬುದನ್ನು ಅಳೆಯಬೇಕಾದರೆ ಒಂದು ಹೆಸರನ್ನು ನೆನೆದರೆ ಸಾಕು. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿ, 2005ರಲ್ಲಿ ತೀರಿಕೊಂಡ ಡಾಕ್ಟರ್ ಎಂ. ಸಿ. ಮೋದಿ ಅವರು ಊರೂರಿಗೆ ಹೋಗಿ ಉಚಿತ ನೇತ್ರ ಶಿಬಿರಗಳನ್ನು ನಡೆಸಿದರು. ಒಂದೇ ದಿನ 833 ಪೊರೆಯ ಶಸ್ತ್ರಕ್ರಿಯೆಗಳನ್ನು ಮಾಡಿದ ಅವರ ಸಾಧನೆ ಗಿನ್ನೆಸ್ ದಾಖಲೆಗಳ ಪುಸ್ತಕಕ್ಕೆ ಸೇರಿತು. 1993ರ ಫೆಬ್ರವರಿಯವರೆಗೆ ಅವರು ಮಾಡಿದ ಶಸ್ತ್ರಕ್ರಿಯೆಗಳ ಸಂಖ್ಯೆ 6,10,564 ಎಂದು ಅದೇ ಪುಸ್ತಕ ಎಣಿಸಿತು. ಸರ್ಕಾರವು 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ಕೊಟ್ಟು ಗೌರವಿಸಿತು. ಹಳ್ಳಿಯ ಶಾಲೆಯ ಜಗಲಿಯಲ್ಲಿ, ಛತ್ರದ ಹಜಾರದಲ್ಲಿ, ಸಾಲಾಗಿ ಮಲಗಿಸಿದ ನೂರಾರು ಮುದುಕರಿಗೆ ಕ್ಲೋರೋಫಾರ್ಮ್ ಕೊಟ್ಟು, ಒಬ್ಬೊಬ್ಬರ ನಾಡಿ ಹಿಡಿದು ಕಾಯುವುದು ಯಾರಿಂದ ತಾನೇ ಆಗುತ್ತಿತ್ತು? ಕಣ್ಣೊಂದನ್ನೇ ಮಲಗಿಸುವ ಉಪಾಯ ಇಲ್ಲದಿದ್ದರೆ ಶಿಬಿರಗಳೆಂಬುವು ಹುಟ್ಟುತ್ತಲೇ ಇರಲಿಲ್ಲ. 1896ರಲ್ಲಿ ಆರಂಭವಾಗಿ 1913ರಲ್ಲಿ ಈಗಿನ ಕಟ್ಟಡಕ್ಕೆ ಬಂದ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಬಡವರು ನಿರ್ಭಯವಾಗಿ ನಡೆದು ಹೋಗುವುದಕ್ಕೂ ಇದೇ ಉಪಾಯ ಆಧಾರವಾಯಿತು.

ಇಷ್ಟಾದರೂ ನಮ್ಮ ಮನೆಗಳಲ್ಲಿ, ಕಣ್ಣಿಗೆ ಕತ್ತಿ ಹಾಕಿಸಿಕೊಳ್ಳಲಾರೆನೆಂದು ಕತ್ತಲೆಯಲ್ಲಿಯೇ ದಿನ ಕಳೆಯುವ ಹಿರಿಯರು ಇನ್ನೂ ಇದ್ದಾರೆ. ಅವರನ್ನು ತಡೆಯುತ್ತಿರುವುದು ಬಡತನಕ್ಕಿಂತ ಹೆಚ್ಚಾಗಿ ನೋವಿನ ಭಯ. ಆ ಭಯಕ್ಕೆ ಕಾರಣ 1884ರಲ್ಲಿಯೇ ತೀರಿಹೋಯಿತೆಂಬ ಸುದ್ದಿ ಅವರನ್ನು ಮುಟ್ಟಿಲ್ಲ. ಓದುಬರಹ ಬಲ್ಲ ನಾವು ಅವರ ಪಕ್ಕದಲ್ಲಿ ಕುಳಿತು ಇದನ್ನು ತಿಳಿಯಹೇಳಿ, ಕೈಹಿಡಿದು ಆಸ್ಪತ್ರೆಯ ಬಾಗಿಲವರೆಗೆ ಕರೆದೊಯ್ದರೆ, ತನ್ನ ಊರಿನಲ್ಲಿ ಹುದ್ದೆ ದೊರೆಯದೆ ಹೊರಟುಹೋದ ಆ ಬಡ ವೈದ್ಯನ ಋಣದಲ್ಲಿ ಒಂದು ಪಾಲನ್ನು ತೀರಿಸಿದಂತಾಗುತ್ತದೆ.